ಹಳೇ ಬಾರ್ ಸೈಕಲ್ಲಿನಿಂದ ಒಂಟಿ ಗೇರಿನ ಸೈಕಲ್: ಅಳತೆಯಿಂದ ಫೋಟೋದವರೆಗೆ

ಹಾಲಿನ ಕ್ಯಾನು, ಹುಲ್ಲಿನ ಹೊರೆ, ಗ್ಯಾಸ್ ಸಿಲಿಂಡರು ಹೊತ್ತು ವರ್ಷಗಟ್ಟಲೆ ಓಡಿದ ಬಾರ್ ಸೈಕಲ್ಲುಗಳು ಈಗ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತಿವೆ. ಇದು ನಿಜಕ್ಕೂ ನಷ್ಟ. 1949ರಲ್ಲಿ ಮದ್ರಾಸಿನಲ್ಲಿ ಶುರುವಾದ ಟಿ.ಐ. ಸೈಕಲ್ಸ್‌ನವರ ಹರ್ಕ್ಯುಲಿಸ್ ಇರಲಿ, 1951ರಲ್ಲಿ ಸೋನಿಪತ್‌ನಲ್ಲಿ ಹುಟ್ಟಿದ ಅಟ್ಲಾಸ್ ಇರಲಿ, ಲುಧಿಯಾನದ ಹೀರೋ ಇರಲಿ, ಎಲ್ಲದರದ್ದೂ ಉಕ್ಕಿನ ಫ್ರೇಮು. ಬಗ್ಗಿದರೆ ನೆಟ್ಟಗೆ ಮಾಡಬಹುದು, ಬಿಟ್ಟರೆ ಬೆಸೆಯಬಹುದು. ಹಿಂದಿನ ಚಕ್ರ ಕೂರುವ ಗಾಡಿ (ಆಕ್ಸೆಲ್ ಇಳಿಯುವ ಸೀಳು) ಹಿಂದಕ್ಕೆ ತೆರೆದಿರುವುದರಿಂದ ಚಕ್ರ ಎಳೆದು ಚೈನು ಬಿಗಿ ಮಾಡಬಹುದು. ಒಂಟಿ ಗೇರಿನ ಸೈಕಲ್ಲಿಗೆ ಬೇಕಾದ್ದು ಇದೇ. ಹೊಸ ಫ್ರೇಮುಗಳಲ್ಲಿ ಇದನ್ನು ಹುಡುಕಿಕೊಂಡು ಹೋಗಬೇಕು.

ಕೆಲಸದ ಕ್ರಮ ಇಷ್ಟು: ಮೊದಲು ಅಳತೆ, ಆಮೇಲೆ ಬಣ್ಣವಿಲ್ಲದ ಫ್ರೇಮಿಗೇ ಎಲ್ಲ ಜೋಡಿಸಿ ಒಂದು ವಾರ ಓಡಿಸುವುದು, ಕೊನೆಗೆ ಬಿಚ್ಚಿ ಬಣ್ಣ. ಬಹಳ ಜನ ಇದನ್ನು ತಿರುವುಮುರುವು ಮಾಡುತ್ತಾರೆ. ಪೌಡರ್ ಕೋಟಿಂಗ್ ಮಾಡಿಸಿ ತಂದ ಫ್ರೇಮಿನ ಗಾಡಿಗೆ ಅರ ಹಾಕಬೇಕಾಗಿ ಬಂದಾಗ ಆ ದುಡ್ಡೆಲ್ಲ ನೀರಿಗೆ ಹಾಕಿದ ಹಾಗೆ.

ಫ್ರೇಮು ಆರಿಸುವಾಗ

ಬಾರಿನ ಎರಡೂ ಕಡೆ ಕಾಲು ಹಾಕಿ ನೆಲಕ್ಕೆ ಅಂಗಾಲು ಊರಿ ನಿಲ್ಲಿ. ಬಾರಿಗೂ ಮೈಗೂ ನಡುವೆ 2–3 ಸೆಂ.ಮೀ. ಸಂದು ಇರಬೇಕು. ಇಲ್ಲದಿದ್ದರೆ 24 ಇಂಚಿನದನ್ನು ಬಿಟ್ಟು 22 ಇಂಚಿನ ಫ್ರೇಮು ಹುಡುಕಿ. ಆಮೇಲೆ ಹೆಡ್ ಟ್ಯೂಬಿನ (ಹ್ಯಾಂಡಲು ಇಳಿಯುವ ಮುಂದಿನ ಕೊಳವೆ) ಹಿಂದೆ, ಕೆಳಗಿನ ಟ್ಯೂಬಿನ ಅಡಿಭಾಗಕ್ಕೆ ಬೆರಳಾಡಿಸಿ. ಅಲ್ಲಿ ಸಣ್ಣ ಉಬ್ಬು ಸಿಕ್ಕಿದರೆ, ಬಣ್ಣ ಅಡ್ಡಡ್ಡ ಬಿರಿದಿದ್ದರೆ, ಆ ಸೈಕಲ್ ಮುಂದಿನಿಂದ ಜೋರಾಗಿ ಗುದ್ದಿದೆ ಎಂದೇ ಅರ್ಥ. ಅಂಥದ್ದು ಬೇಡ.

ನೆಟ್ಟಗಿದೆಯೋ ಇಲ್ಲವೋ ತಿಳಿಯಲು ಒಂದು ದಾರ ಸಾಕು. ಎಡಗಡೆಯ ಗಾಡಿಗೆ ಕಟ್ಟಿ, ಹೆಡ್ ಟ್ಯೂಬಿನ ಮುಂದಿನಿಂದ ಸುತ್ತಿ ತಂದು, ಬಲಗಡೆಯ ಗಾಡಿಯ ಅದೇ ಜಾಗಕ್ಕೆ ಬಿಗಿಯಾಗಿ ಕಟ್ಟಿ. ಈಗ ಸೀಟ್ ಟ್ಯೂಬಿನಿಂದ ದಾರಕ್ಕೆ ಎರಡೂ ಕಡೆ ಎಷ್ಟಿದೆ ಅಳೆಯಿರಿ. ವ್ಯತ್ಯಾಸ 2 ಮಿ.ಮೀ. ಒಳಗಿದ್ದರೆ ಚಿಂತೆಯಿಲ್ಲ. 5ರವರೆಗೂ ಉಕ್ಕನ್ನು ಬಗ್ಗಿಸಿ ಸರಿ ಮಾಡಬಹುದು. ಅದಕ್ಕೂ ಹೆಚ್ಚಿದ್ದರೆ ಬೇರೆ ಫ್ರೇಮು ನೋಡುವುದೇ ಒಳ್ಳೆಯದು.

ಚಕ್ರ ಮತ್ತು ಬ್ರೇಕು: ಎರಡನ್ನೂ ಒಟ್ಟಿಗೇ ಯೋಚಿಸಿ

ಹಳೇ ರಿಮ್ಮು 28 × 1½ ಇಂಚಿನದು, ಟೈರು ಕೂರುವ ಅಂಚಿನ ವ್ಯಾಸ 635 ಮಿ.ಮೀ. ಈಗಿನ 700ಸಿ ರಿಮ್ಮಿನದು 622. ಅಂಗಡಿಯಲ್ಲಿ ಎರಡನ್ನೂ "ಇಪ್ಪತ್ತೆಂಟರದ್ದು" ಎಂದೇ ಕೊಡುತ್ತಾರೆ, ಆದರೆ ಒಂದರ ಟೈರು ಇನ್ನೊಂದಕ್ಕೆ ಕೂರುವುದಿಲ್ಲ. ಟೈರಿನ ಪಕ್ಕದಲ್ಲಿ 40-635 ಅಥವಾ 32-622 ಎಂದು ಅಚ್ಚಾಗಿರುತ್ತದೆ, ಅದನ್ನು ಓದಿಯೇ ಕೊಳ್ಳಿ.

ಹಳೇ ರಿಮ್ಮಿನ ಪಕ್ಕಗಳು ದುಂಡಗಿರುತ್ತವೆ, ಏಕೆಂದರೆ ಕಂಬಿ ಬ್ರೇಕಿನ ರಬ್ಬರು ರಿಮ್ಮನ್ನು ಒಳಗಿನಿಂದ, ಕಡ್ಡಿಗಳ ಕಡೆಯಿಂದ ಒತ್ತುತ್ತದೆ. ಇಂಥ ರಿಮ್ಮಿಗೆ, ಎರಡು ಪಕ್ಕದಿಂದ ಹಿಡಿಯುವ ಕ್ಯಾಲಿಪರ್ ಬ್ರೇಕು ಹಾಕಿದರೆ ರಬ್ಬರಿಗೆ ಹಿಡಿಯಲು ಜಾಗವೇ ಇಲ್ಲ. ಇನ್ನು ಕ್ರೋಮ್ ಹಾಕಿದ ಉಕ್ಕಿನ ರಿಮ್ಮು ಮಳೆಯಲ್ಲಿ ನೆನೆದರೆ ಬ್ರೇಕು ಇದ್ದೂ ಇಲ್ಲದಂತೆ. ಆದ್ದರಿಂದ ದುಡ್ಡು ಸುರಿಯಬೇಕಾದ ಮೊದಲ ಜಾಗ ಅಲ್ಯುಮಿನಿಯಂನ 700ಸಿ ರಿಮ್ಮುಗಳು. ಹಳೇ ಹಬ್ (ಚಕ್ರದ ನಡುವಿನ ಭಾಗ) ಉಳಿಸಿಕೊಂಡು ರಿಮ್ಮು ಮಾತ್ರ ಬದಲಿಸುವ ಆಸೆ ಇದ್ದರೆ ಮೊದಲು ತೂತು ಎಣಿಸಿ. ಇವುಗಳಲ್ಲಿ ಸಾಮಾನ್ಯವಾಗಿ ಮುಂದೆ 32, ಹಿಂದೆ 40 ಕಡ್ಡಿ. ಹೊಸ ರಿಮ್ಮು 36ರದ್ದಾದರೆ ಹೊಸ ಹಬ್ ಅನಿವಾರ್ಯ. ಕಡ್ಡಿ 2 ಮಿ.ಮೀ. ದಪ್ಪದ 14 ಗೇಜಿನದು, ಮೂರು ದಾಟಿನ ಹೆಣಿಗೆ, ಅಂದರೆ ಪ್ರತಿ ಕಡ್ಡಿ ಬೇರೆ ಮೂರನ್ನು ದಾಟುವಂತೆ. ಮಂಗಳೂರು, ಕಾರವಾರದ ಕಡೆಯವರು ಸ್ಟೇನ್‌ಲೆಸ್ ಕಡ್ಡಿಯನ್ನೇ ಹಾಕಿಸಿ, ಉಪ್ಪುಗಾಳಿಗೆ ಮಾಮೂಲಿ ಕಡ್ಡಿ ನಿಪ್ಪಲ್ಲಿನ ಹತ್ತಿರವೇ ತಿಂದುಹೋಗುತ್ತದೆ.

40-635ರಿಂದ 32-622ಕ್ಕೆ ಬಂದರೆ ಇಡೀ ಸೈಕಲ್ಲು ಸುಮಾರು 14 ಮಿ.ಮೀ. ತಗ್ಗುತ್ತದೆ. ತಿರುವಿನಲ್ಲಿ ವಾಲಿದಾಗ, ಹಂಪ್ ದಾಟುವಾಗ, ಪೆಡಲು ನೆಲಕ್ಕೆ ತಾಗುವ ಸಂಭವ ಅಷ್ಟರಮಟ್ಟಿಗೆ ಹೆಚ್ಚು. 165 ಮಿ.ಮೀ. ಕ್ರ್ಯಾಂಕಿಗಿಂತ (ಪೆಡಲಿನ ತೋಳು) ಉದ್ದದ್ದು ಹಾಕಬೇಡಿ.

ಮುಂದಿನ ಬ್ರೇಕಿಗೆ ಫೋರ್ಕಿನ ಕ್ರೌನಿನಲ್ಲಿ (ಅದರ ಎರಡು ಕಾಲು ಸೇರುವ ನೆತ್ತಿ) ತೂತು ಇದೆಯೇ ನೋಡಿ. ತೂತಿನ ಮಧ್ಯದಿಂದ ಆಕ್ಸೆಲ್ ಮಧ್ಯದವರೆಗೆ ಅಳೆದು, ಅದರಲ್ಲಿ 311 (622ರ ಅರ್ಧ) ಕಳೆಯಿರಿ. ಉಳಿದದ್ದು ಕ್ಯಾಲಿಪರಿನ ತೋಳು ಮುಟ್ಟಬೇಕಾದ ದೂರ. ಉದಾಹರಣೆಗೆ 378 ಬಂದರೆ 67 ಮಿ.ಮೀ. ಮಾಮೂಲಿ ರೋಡ್ ಬೈಕಿನ ಕ್ಯಾಲಿಪರು ಅಲ್ಲಿಗೆ ಮುಟ್ಟುವುದಿಲ್ಲ. ಉದ್ದ ತೋಳಿನದೇ ಬೇಕು: ಟೆಕ್ಟ್ರೋ ಆರ್559 ಮುಟ್ಟುವ ದೂರ 55ರಿಂದ 73 ಮಿ.ಮೀ. ತೂತೇ ಇಲ್ಲದ ಫೋರ್ಕಾದರೆ ಕ್ರೌನು ಕೊರೆಯುವ ಸಾಹಸ ಬೇಡ, ಬೇರೆ ಫೋರ್ಕು ಹಾಕಿ. ಮುರಿದರೆ ಹಲ್ಲು ಉದುರಿಸುವ ಭಾಗ ಅದು.

ಹಿಂದಕ್ಕೆ ಕೋಸ್ಟರ್ ಹಬ್ ಈ ಫ್ರೇಮುಗಳಿಗೆ ಹೇಳಿ ಮಾಡಿಸಿದ ಹಾಗಿದೆ. ಹಿಂದಕ್ಕೆ ತುಳಿದರೆ ನಿಲ್ಲುತ್ತದೆ, ಕೇಬಲ್ಲಿನ ರಗಳೆಯಿಲ್ಲ, ಅಗಲ ಸಾಮಾನ್ಯವಾಗಿ 110 ಮಿ.ಮೀ. ಅದರ ಎಡತೋಳನ್ನು ಚೈನ್ ಸ್ಟೇಗೆ (ಹಿಂದಿನ ಚಕ್ರದತ್ತ ಹೋಗುವ ಕೆಳಗಿನ ಟ್ಯೂಬು) ಕ್ಲಿಪ್ಪಿನಿಂದ ಬಿಗಿಯಾಗಿ ಕಟ್ಟಿರಬೇಕು. ಸಡಿಲವಿದ್ದರೆ ಬ್ರೇಕು ಒತ್ತಿದಾಗ ತೋಳೇ ತಿರುಗಿ ಆಕ್ಸೆಲ್ ಕಳಚಿಕೊಳ್ಳುತ್ತದೆ. ಚೈನು ತುಂಡಾದರೆ ಹಿಂದಿನ ಬ್ರೇಕೂ ಹೋಯಿತು, ಹಾಗಾಗಿ ಮುಂದಿನ ಕ್ಯಾಲಿಪರಿಗೆ ವಿನಾಯಿತಿ ಇಲ್ಲ. ಆಗುಂಬೆ, ಚಾರ್ಮಾಡಿಯಂಥ ಉದ್ದ ಇಳಿಜಾರಿನಲ್ಲಿ ಹಬ್ ಕಾದು ಗ್ರೀಸು ಸುಟ್ಟುಹೋಗುತ್ತದೆ. ಘಾಟಿ ಇಳಿಯುವವರು ಹಿಂದೆಯೂ ಕ್ಯಾಲಿಪರನ್ನೇ ಹಾಕಿಕೊಳ್ಳಿ.

ಫ್ರೀವೀಲ್ ಇಲ್ಲದ ಫಿಕ್ಸಡ್ ಗೇರಿನ ಆಸೆಯಿದ್ದವರಿಗೆ ಒಂದು ಮಾತು. ಫ್ರೀವೀಲ್ ಕೂರುವ ಮರೆಗೇ (ಸ್ಕ್ರೂ ಥ್ರೆಡ್ಡು) ಫಿಕ್ಸಡ್ ಕಾಗ್ (ಹಿಂದಿನ ಹಲ್ಲುಚಕ್ರ) ತಿರುಗಿಸಿ ಕೂರಿಸುವವರಿದ್ದಾರೆ, ಎರಡರ ಮರೆಯೂ 1.37 ಇಂಚು ವ್ಯಾಸ, ಇಂಚಿಗೆ 24 ಆಗಿರುವುದರಿಂದ ಅದು ಕೂರುತ್ತದೆ ಕೂಡ. ಆದರೆ ಉಲ್ಟಾ ಮರೆಯ ಲಾಕ್‌ರಿಂಗ್ ಇಲ್ಲದೆ, ಹಿಂದಕ್ಕೆ ಒತ್ತಿ ನಿಲ್ಲಿಸಲು ಹೋದ ಕ್ಷಣ ಕಾಗ್ ಬಿಚ್ಚಿಕೊಳ್ಳುತ್ತದೆ. ಆ ಲಾಕ್‌ರಿಂಗಿಗೂ ಮರೆಯಿರುವ ಟ್ರ್ಯಾಕ್ ಹಬ್ಬನ್ನೇ ಕೊಳ್ಳಿ, ಮುಂದಿನ ಬ್ರೇಕು ಇರಲಿ.

ಹೊಸ ಮುಂದಿನ ಹಬ್ಬಿನ ಆಕ್ಸೆಲ್ 9 ಮಿ.ಮೀ., ಹಳೇ ಫೋರ್ಕಿನ ಗಾಡಿ ಸುಮಾರು 8. ಅರ ಹಾಕಲೇಬೇಕು. ಗಾಡಿಯ ಎರಡು ಪಕ್ಕಗಳನ್ನು ಮಾತ್ರ ಸಮಸಮನಾಗಿ ಅರೆಯಿರಿ, ಆಕ್ಸೆಲ್ ಕೂರುವ ಮೇಲ್ತುದಿಯನ್ನು ಮುಟ್ಟಬೇಡಿ. ಒಂದು ಕಡೆಯ ಮೇಲ್ತುದಿ 1 ಮಿ.ಮೀ. ಹೆಚ್ಚು ಸವೆದರೂ, 100 ಮಿ.ಮೀ. ಅಗಲದ ಹಬ್ಬಿನಲ್ಲಿ ರಿಮ್ಮು ಒಂದು ಪಕ್ಕಕ್ಕೆ 3 ಮಿ.ಮೀ. ಸರಿಯುತ್ತದೆ. ಆಮೇಲೆ ಚಕ್ರದ ಬೆಂಡು ಎಷ್ಟು ತೆಗೆಸಿದರೂ ಅದು ಫೋರ್ಕಿನ ನಡುವೆ ನಿಲ್ಲುವುದಿಲ್ಲ, ಬೈಯಿಸಿಕೊಳ್ಳುವವನು ಮಾತ್ರ ಕಡ್ಡಿ ಕಟ್ಟಿದವನು. ನಾಲ್ಕು ತಳ್ಳಿಗೊಮ್ಮೆ ಚಕ್ರ ಕೂರಿಸಿ ನೋಡುತ್ತಾ ಹೋಗಿ.

ಕಾಟರ್ ಪಿನ್ನು, ಬಿ.ಬಿ. (ಬಾಟಮ್ ಬ್ರಾಕೆಟ್, ಕ್ರ್ಯಾಂಕು ತಿರುಗುವ ಆಕ್ಸೆಲ್ಲು ಮತ್ತು ಬೇರಿಂಗು)

ಈ ಕೆಲಸದಲ್ಲಿ ತಾಳ್ಮೆ ಕೆಡಿಸುವುದು ಕಾಟರ್ ಪಿನ್ನು, ಅಂದರೆ ಕ್ರ್ಯಾಂಕನ್ನು ಆಕ್ಸೆಲ್ಲಿಗೆ ಕಚ್ಚಿಸಿ ಹಿಡಿಯುವ ಬೆಣೆ. ಬಿಚ್ಚುವ ಹಿಂದಿನ ರಾತ್ರಿ ಜಂಗು ಬಿಡಿಸುವ ಎಣ್ಣೆ ಬಿಡಿ. ನಟ್ಟನ್ನು ಪೂರ್ತಿ ತೆಗೆಯದೆ, ಪಿನ್ನಿನ ತುದಿಗೆ ಸಮವಾಗುವಷ್ಟು ಮಾತ್ರ ತಿರುಗಿಸಿ ಬಿಡಿ, ಮರೆ ಕೆಡದಿರಲು ಅದೇ ಕವಚ. ಕ್ರ್ಯಾಂಕಿನ ಕೆಳಗೆ, ಪಿನ್ನಿನ ತಲೆ ಒಳಗೆ ಇಳಿಯುವಷ್ಟು ಅಗಲದ ಕಬ್ಬಿಣದ ಪೈಪಿನ ತುಂಡನ್ನು ನೆಲದಿಂದ ನೇರ ಆನಿಸಿ. ಆಮೇಲೆ ತೂಕದ ಸುತ್ತಿಗೆಯಿಂದ ಒಂದೇ ಗಟ್ಟಿ ಪೆಟ್ಟು. ಸಣ್ಣ ಸುತ್ತಿಗೆಯಿಂದ ಟಕಟಕ ಇಪ್ಪತ್ತು ಸಲ ಹೊಡೆದರೆ ಪಿನ್ನಿನ ತುದಿ ಅಣಬೆಯಂತೆ ಅರಳಿ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಕೆಳಗೆ ಆಸರೆ ಇಲ್ಲದೆ ಹೊಡೆದರೆ ಪೆಟ್ಟೆಲ್ಲ ಒಳಗಿನ ಬಾಲ್ಸುಗಳಿಗೆ ಹೋಗಿ, ಅವು ಕೂರುವ ಕಪ್ಪಿನಲ್ಲಿ ಗುಳಿ ಬೀಳುತ್ತದೆ, ಪೆಡಲು ತಿರುಗಿಸಿದಾಗ ಗರಗರ ಸಿಗುವುದು ಆ ಗುಳಿಗಳೇ.

ಬಿಚ್ಚಿದ ಮೇಲೆ ಶೆಲ್ಲಿನ (ಬಿ.ಬಿ. ಕೂರುವ ಫ್ರೇಮಿನ ಕೊಳವೆ) ಅಗಲ ಅಳೆಯಿರಿ, ಮರೆ ನೋಡಿ. 68 ಮಿ.ಮೀ. ಅಗಲ, ಇಂಚಿಗೆ 24 ಮರೆ ಇದ್ದರೆ ಸೀಲ್ ಮಾಡಿದ ಕಾರ್ಟ್ರಿಡ್ಜ್ ಬಿ.ಬಿ. ಕೂರುತ್ತದೆ. ಚೌಕ ತುದಿಯ ಕ್ರ್ಯಾಂಕು ಹಾಕಿ ಕಾಟರ್ ಪಿನ್ನಿನ ಸಹವಾಸವೇ ಮುಗಿಸಬಹುದು. ಪರೀಕ್ಷೆಗೆ, 24ರದ್ದೆಂದು ಗೊತ್ತಿರುವ ಕಪ್ಪನ್ನು ಬರಿಗೈಯಲ್ಲಿ ತಿರುಗಿಸಿ. ನಾಲ್ಕೈದು ಸುತ್ತು ಸಲೀಸಾಗಿ ಹೋದರೆ ಸರಿ. ಎರಡನೇ ಸುತ್ತಿಗೇ ಬಿಗಿದರೆ ಅಲ್ಲೇ ನಿಲ್ಲಿಸಿ, ರ‍್ಯಾಲೆಯ ಹಳೇ ಫ್ರೇಮುಗಳಲ್ಲಿ ಇಂಚಿಗೆ 26 ಮರೆ ಇರುತ್ತದೆ. ಬಲಗಡೆಯ ಕಪ್ಪು ಉಲ್ಟಾ ಮರೆಯದು ಎಂಬುದನ್ನು ಮರೆತು ಒಂದು ಅಡಿ ಉದ್ದದ ಪಾನಾ ಹಾಕಿ ಜಗ್ಗಬೇಡಿ.

ಹಳೇ ಬಿ.ಬಿ.ಯನ್ನೇ ಉಳಿಸುವುದಾದರೆ ಸೀಮೆಎಣ್ಣೆಯಲ್ಲಿ ತೊಳೆದು, ಪ್ರತಿ ಕಡೆ ¼ ಇಂಚಿನ 11 ಹೊಸ ಬಾಲ್ಸು, ಧಾರಾಳ ಗ್ರೀಸು. ಹಳೇ ಬಾಲ್ಸು ಎಷ್ಟೇ ಹೊಳೆಯುತ್ತಿದ್ದರೂ ಬಿಸಾಡಿ. ಹೊಸ ಕಾಟರ್ ಪಿನ್ನುಗಳನ್ನು ಹೂಡುವಾಗ ದಿಕ್ಕು ಗಮನಿಸಿ: ಬಲ ಕ್ರ್ಯಾಂಕು ಮುಂದಕ್ಕೆ ಚಾಚಿದಾಗ ನಟ್ಟು ಮೇಲಿದ್ದರೆ, ಎಡ ಕ್ರ್ಯಾಂಕು ಮುಂದಕ್ಕೆ ಬಂದಾಗಲೂ ನಟ್ಟು ಮೇಲೆಯೇ ಇರಬೇಕು. ತಪ್ಪಿದರೆ ಎರಡು ಪೆಡಲು ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ಪಿನ್ನನ್ನು ಬಡಿದು ಇಲ್ಲವೇ ವೈಸಿನಲ್ಲಿ ಒತ್ತಿ ಕೂರಿಸಬೇಕು. ನಟ್ಟಿನಿಂದ ಎಳೆದು ಕೂರಿಸಲು ಹೋದರೆ ಮರೆ ಕಿತ್ತುಬರುತ್ತದೆ. ಎರಡು ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ಒತ್ತಿ, ಆಮೇಲೆ ನಟ್ಟು ಬಿಗಿಯಿರಿ.

ಗೇರು, ಚೈನು

700 × 32 ಟೈರಿಗೆ 44 ಹಲ್ಲಿನ ಚೈನ್‌ವೀಲು, 18 ಹಲ್ಲಿನ ಕಾಗ್: ಒಂದು ಸುತ್ತು ತುಳಿದರೆ ಸುಮಾರು 5.27 ಮೀಟರ್, ನಿಮಿಷಕ್ಕೆ 80 ಸುತ್ತಿನಂತೆ ಗಂಟೆಗೆ 25 ಕಿ.ಮೀ. ಬೆಂಗಳೂರಿನ ಸಣ್ಣಪುಟ್ಟ ದಿಣ್ಣೆ, ಸಿಗ್ನಲ್ಲುಗಳಿಗೆ ಇದು ಸರಿಯಾದ ಲೆಕ್ಕ. ಮಲೆನಾಡು, ಕೊಡಗಿನಲ್ಲಿ ಕಾಗ್ 20 ಅಥವಾ 22ರದ್ದಿರಲಿ. 16 ಹಲ್ಲಿನದು ನೋಡಲು ಚಿಕ್ಕದಾಗಿ ಚೆಂದ, ಪ್ರತಿ ಸಿಗ್ನಲ್ಲಿನಲ್ಲೂ ನಿಂತು ಹೊರಡುವ ಮಂಡಿಗೆ ಮಾತ್ರ ಹೊರೆ.

ಚೈನು ನೇರ ಓಡಬೇಕು. ಮುಂದಿನ ಅಳತೆ: ಸೀಟ್ ಟ್ಯೂಬಿನ ವ್ಯಾಸದ ಅರ್ಧ (28.6ರಲ್ಲಿ 14.3) ಜೊತೆಗೆ ಟ್ಯೂಬಿನ ಅಂಚಿನಿಂದ ಹಲ್ಲಿನ ಮಧ್ಯಕ್ಕೆ ಇರುವ ದೂರ. ಹಿಂದಿನದು: ಹಬ್ಬಿನ ಅಗಲದ ಅರ್ಧದಲ್ಲಿ ಗಾಡಿಯ ಒಳಮೈಯಿಂದ ಕಾಗ್ ಮಧ್ಯದವರೆಗಿನ ದೂರ ಕಳೆದದ್ದು. 110ರ ಹಬ್ಬಿನಲ್ಲಿ ಆ ದೂರ 14 ಇದ್ದರೆ 41 ಮಿ.ಮೀ. ಎರಡರ ನಡುವಿನ ವ್ಯತ್ಯಾಸ 2ರ ಒಳಗಿರಲಿ. ಸರಿಹೊಂದದಿದ್ದರೆ ಬಿ.ಬಿ. ಆಕ್ಸೆಲ್ ಉದ್ದ ಬದಲಿಸಿ, 113ರ ಬದಲು 118 ಹಾಕಿದರೆ ಚೈನ್‌ವೀಲು 2.5 ಮಿ.ಮೀ. ಹೊರಗೆ ಬರುತ್ತದೆ.

ಚೈನಿನ ಬಿಗಿ ನೋಡುವಾಗ ಕ್ರ್ಯಾಂಕನ್ನು ನಿಧಾನ ಒಂದು ಸುತ್ತು ತಿರುಗಿಸಿ. ಚೈನ್‌ವೀಲು ಪೂರ್ತಿ ದುಂಡಗಿರುವುದು ಅಪರೂಪ, ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಅತಿ ಬಿಗಿಯಾದ ಜಾಗದಲ್ಲೇ ಮೇಲೆ ಕೆಳಗೆ ಒಟ್ಟು 10–12 ಮಿ.ಮೀ. ಆಡಬೇಕು. ಸಡಿಲ ಜಾಗದಲ್ಲಿ ಬಿಗಿ ಮಾಡಿದರೆ ಬಾಲ್ಸುಗಳ ಮೇಲೆ ಹೊರೆ ಬಿದ್ದು ಪ್ರತಿ ಸುತ್ತಿಗೂ ಮುಲುಗುತ್ತದೆ.

ಸೀಟು, ಹ್ಯಾಂಡಲು

ಕಂಬಿ ಬ್ರೇಕಿನ ಹ್ಯಾಂಡಲು ಸ್ಟೆಮ್ಮಿನ (ಅದನ್ನು ಫೋರ್ಕಿಗೆ ಸೇರಿಸುವ ಭಾಗ) ಜೊತೆಗೇ ಬೆಸೆದು ಬಂದಿರುತ್ತದೆ, ಎರಡೂ ಬದಲಾಗಬೇಕು. ಫೋರ್ಕಿನ ಟ್ಯೂಬಿನ ಒಳವ್ಯಾಸ 22.2 ಬಂದರೆ ಒಂದು ಇಂಚಿನ ಕ್ವಿಲ್ ಸ್ಟೆಮ್ ಕೂರುತ್ತದೆ. ಸೀಟ್ ಪೋಸ್ಟನ್ನು ಕಣ್ಣಂದಾಜಿನಲ್ಲಿ ಕೊಳ್ಳಬೇಡಿ. 0.4 ಮಿ.ಮೀ. ಸಣ್ಣದಾದರೂ ಎಷ್ಟು ಬಿಗಿದರೂ ಜಾರುತ್ತದೆ, ಕೊನೆಗೆ ಲಗ್ (ಟ್ಯೂಬುಗಳು ಸೇರುವ ಜಾಗದ ಕವಚ) ಕಿವಿ ಬಾಗುತ್ತದೆ. ಸೀಟಿನ ಎತ್ತರಕ್ಕೆ ಒಳಗಾಲಿನ ಅಳತೆಯನ್ನು (ತೊಡೆಸಂದಿಯಿಂದ ನೆಲದವರೆಗೆ) 0.883ರಿಂದ ಗುಣಿಸಿ: 80 ಸೆಂ.ಮೀ. ಇದ್ದರೆ ಬಿ.ಬಿ. ಮಧ್ಯದಿಂದ ಸೀಟಿನ ನೆತ್ತಿಗೆ 70.6.

ಬಣ್ಣ

ಒಂದು ವಾರ ಓಡಿಸಿ, ಸದ್ದೆಲ್ಲ ಹುಡುಕಿ ಸರಿಮಾಡಿದ ಮೇಲೆ ಬಿಚ್ಚಿ. ಹೆಡ್ ಟ್ಯೂಬಿನ ಹಿತ್ತಾಳೆ ಲಾಂಛನದ ರಿವಿಟ್ಟನ್ನು ಸಣ್ಣ ಡ್ರಿಲ್ಲಿನಿಂದ ಕೊರೆದು ತೆಗೆದಿಡಿ. ಅದನ್ನು ಮೀಟಿ ತೆಗೆದರೆ ಮಡಚಿಹೋಗುತ್ತದೆ, ಮತ್ತೆ ಸಿಗುವುದಿಲ್ಲ. ಪೌಡರ್ ಕೋಟಿಂಗ್ ಒಲೆಯ 200 ಡಿಗ್ರಿಯಿಂದ ಹಿತ್ತಾಳೆ ಬೆಸುಗೆಗೆ ಏನೂ ಆಗದು. ಆದರೆ ಬಿ.ಬಿ. ಮರೆ, ಹೆಡ್ ಟ್ಯೂಬಿನ ಎರಡು ಬಾಯಿ, ಸೀಟ್ ಟ್ಯೂಬಿನ ಒಳಗು, ಗಾಡಿಗಳ ಮೈ ಇಷ್ಟನ್ನೂ ಮುಚ್ಚಿಯೇ ಹೊಡೆಯಬೇಕೆಂದು ಚೀಟಿ ಬರೆದು ಫ್ರೇಮಿಗೇ ಕಟ್ಟಿ ಕಳಿಸಿ. ಬಾಯಿಮಾತು ಒಲೆಯ ಹತ್ತಿರ ಹೋಗುವಷ್ಟರಲ್ಲಿ ಮರೆತಿರುತ್ತದೆ. ವಾಪಸ್ ಬಂದ ಮೇಲೆ ಟ್ಯೂಬುಗಳ ಒಳಗೆ ಬೇಯಿಸಿದ ಅಗಸೆ ಎಣ್ಣೆ ಸುರಿದು ಎಲ್ಲ ಕಡೆ ಹೊರಳಿಸಿ, ಒಂದೆರಡು ದಿನ ಒಣಗಲು ಬಿಡಿ. ಇವು ತುಕ್ಕು ಹಿಡಿಯುವುದು ಒಳಗಿನಿಂದ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗಿ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ.

ಲಗ್ಗುಗಳ ಅಂಚಿಗೆ ಚಿನ್ನದ ಬಣ್ಣದ ಗೆರೆ ಬೇಕೆಂದರೆ ಬೋರ್ಡ್ ಬರೆಯುವ ಪೇಂಟರ್ ಒಬ್ಬರನ್ನು ಹುಡುಕಿ. ಅವರ ಕೈಯ ಒಂದು ಎಳೆಗೆ ಯಾವ ಸ್ಟಿಕ್ಕರೂ ಸಾಟಿಯಲ್ಲ.

ನಾಲ್ಕು ಜನರಿಗೆ ತೋರಿಸುವಾಗ

ಫೋಟೋ ಬಲಗಡೆಯಿಂದ, ಚೈನು ಕಾಣುವಂತೆ. ಕ್ಯಾಮೆರಾ ಬಾರಿನ ಎತ್ತರದಲ್ಲಿ, ಬಲ ಕ್ರ್ಯಾಂಕು ನೇರ ಮುಂದಕ್ಕೆ, ಎರಡೂ ವಾಲ್ವು ಕೆಳಗೆ, ಹಿಂದೆ ಬಣ್ಣದ ಗದ್ದಲವಿಲ್ಲದ ಗೋಡೆ. ನಾಲ್ಕೈದು ಹೆಜ್ಜೆ ಹಿಂದೆ ಸರಿದು ಝೂಮ್ ಮಾಡಿ ತೆಗೆಯಿರಿ, ಹತ್ತಿರದಿಂದ ತೆಗೆದರೆ ಚಕ್ರಗಳು ಮೊಟ್ಟೆಯಾಕಾರಕ್ಕೆ ಬರುತ್ತವೆ. ಜೊತೆಗೆ ಬರೆಯಬೇಕಾದ್ದು: ಫ್ರೇಮಿನ ಹೆಸರು, ಇಂಚು, ಹಿಂದಿನ ಗಾಡಿಯ ಅಗಲ, ಬಿ.ಬಿ. ಮರೆ ಮತ್ತು ಆಕ್ಸೆಲ್ ಉದ್ದ, ರಿಮ್ಮು, ಕಡ್ಡಿ ಎಣಿಕೆ, ಟೈರು, ಹಲ್ಲುಗಳ ಲೆಕ್ಕ, ಬ್ರೇಕಿನ ತೋಳಿನ ದೂರ, ಸೀಟ್ ಪೋಸ್ಟಿನ ವ್ಯಾಸ. ಎಲ್ಲಿ ಅರ ಹಾಕಿದಿರಿ, ಯಾವ ಭಾಗ ಕೊಂಡು ಕೂರದೆ ವಾಪಸ್ ಕೊಟ್ಟಿರಿ ಎಂಬುದನ್ನೂ ಸೇರಿಸಿ. ಅದೇ ಫ್ರೇಮು ಮನೆಯ ಹಿತ್ತಲಲ್ಲಿ ಇಟ್ಟುಕೊಂಡಿರುವ ಇನ್ನೊಬ್ಬರು ಹುಡುಕುವುದು ಆ ಒಂದು ಸಾಲನ್ನೇ.