ಕಮ್ಮಿ ಬಜೆಟ್ಟಲ್ಲಿ ರೇಸಿಂಗ್ ವೀಲ್ ತಗೊಳ್ಳೋರು ಮೊದ್ಲು ಮೋಟರ್ ಇದೆಯಾ ನೋಡಿ

ಪಿಸಿಲೋ ಕನ್ಸೋಲಲ್ಲೋ ಕಾರ್ ಗೇಮ್ ಆಡೋಕೆ ಹೊಸದಾಗಿ ಸ್ಟೀರಿಂಗ್ ವೀಲ್ ತಗೊಳ್ಳೋರೆಲ್ಲ ಮೊದ್ಲು ಕೇಳೋದು ಎಷ್ಟು ಡಿಗ್ರಿ ತಿರುಗತ್ತೆ, ಕ್ಲಚ್ ಇದೆಯಾ, ಗೇರ್ ಶಿಫ್ಟರ್ ಜೊತೆಗೇ ಬರತ್ತಾ ಅಂತ. ಅದೆಲ್ಲ ಆಮೇಲೆ. ಒಳಗಡೆ ಫೋರ್ಸ್ ಫೀಡ್‌ಬ್ಯಾಕ್ ಮೋಟರ್ ಇದೆಯಾ ಇಲ್ವಾ ಅನ್ನೋದನ್ನ ಮೊದ್ಲು ನೋಡಿ, ಗೇಮಲ್ಲಿ ಟೈರಿಗೆ ಏನಾಗ್ತಿದೆ ಅನ್ನೋದನ್ನ ವೀಲ್ ತಳ್ಳಿ ಎಳೆದು ಕೈಗೆ ತಿಳಿಸೋದು ಈ ಮೋಟರೇ.

ಕಮ್ಮಿ ರೇಟಿನ ವೀಲ್‌ಗಳ ಬಾಕ್ಸ್ ಮೇಲೆ ವೈಬ್ರೇಶನ್ ಅಂತ ದೊಡ್ಡದಾಗಿ ಹಾಕಿರ್ತಾರೆ, ಓದಿದ್ರೆ ಎರಡೂ ಒಂದೇ ಅನ್ಸತ್ತೆ, ಖಂಡಿತ ಅಲ್ಲ. ವೈಬ್ರೇಶನ್ ಅಂದ್ರೆ ಗೋಡೆಗೆ ಗುದ್ದಿದಾಗ ಫೋನ್ ಥರ ಗುರ್ ಅನ್ನೋದು ಅಷ್ಟೇ. ಅಂಥ ವೀಲ್ ಮಧ್ಯಕ್ಕೆ ವಾಪಸ್ ಬರೋದು ಸ್ಪ್ರಿಂಗೋ ರಬ್ಬರೋ ಎಳೆಯೋದ್ರಿಂದ, ಕಾರು ನಿಂತಿದ್ರೂ 200ರಲ್ಲಿ ಹೋಗ್ತಿದ್ರೂ ಅದೇ ಎಳೆತ. ಮೋಟರ್ ಇರೋ ವೀಲ್ ಹಿಡ್ಕೊಂಡು ಅಸೆಟ್ಟೊ ಕೊರ್ಸಾ ಅನ್ನೋ ರೇಸಿಂಗ್ ಗೇಮಲ್ಲಿ ಒಂದು ತಿರುವಿಗೆ ಸ್ವಲ್ಪ ಜಾಸ್ತಿ ಸ್ಪೀಡಲ್ಲೇ ನುಗ್ಗಿ ನೋಡಿ, ಮುಂದಿನ ಟೈರಿಗೆ ಹಿಡಿತ ಇರೋ ತನಕ ವೀಲ್ ಕೈಗೆ ಬಿಗಿಯಾಗಿ ಎದುರು ತಳ್ತಾ ಇರತ್ತೆ, ಹಿಡಿತ ತಪ್ತಿದ್ದ ಹಾಗೇ ಹಗುರ ಆಗ್ಬಿಡತ್ತೆ. ಹಿಂದಿನ ಟೈರ್ ಜಾರಿದ್ರೆ ವೀಲ್ ತಾನಾಗೇ ಉಲ್ಟಾ ಕಡೆ ತಿರುಗೋಕ್ ಹೋಗತ್ತೆ, ನೀವು ಬಿಟ್ಕೊಟ್ರೆ ಸಾಕು ಕಾರು ಅರ್ಧ ಸರಿ ಹೋಗತ್ತೆ. ದುಡ್ಡು ಕೊಡೋದೇ ಇದಕ್ಕೆ.

ಪಿಎಕ್ಸ್‌ಎನ್ ವಿ3 ಪ್ರೊ, ಹೋರಿ ಏಪೆಕ್ಸ್ ಇವುಗಳಲ್ಲಿ ಮೋಟರ್ ಇಲ್ಲ. ಪಿಎಕ್ಸ್‌ಎನ್ ವಿ9ನಲ್ಲಿ 900 ಡಿಗ್ರಿ, ಕ್ಲಚ್, ಶಿಫ್ಟರ್ ಎಲ್ಲಾ ಇದೆ, ಅದ್ರಲ್ಲೂ ಫೋರ್ಸ್ ಫೀಡ್‌ಬ್ಯಾಕ್ ಇಲ್ಲ. ಯೂರೋ ಟ್ರಕ್ ಸಿಮ್ಯುಲೇಟರ್ 2 ಅನ್ನೋ ಲಾರಿ ಗೇಮಲ್ಲಿ ಆರಾಮಾಗಿ ಗೇರ್ ಹಾಕ್ಕೊಂಡು ಲೋಡ್ ಹೊಡೆಯೋರಿಗೆ ಅದು ಓಕೆ, ಲ್ಯಾಪ್ ಟೈಮ್ ಬೇಕು ಅನ್ನೋರು ಕೈಲಿರೋ ಕಂಟ್ರೋಲರಲ್ಲೇ ಆಡ್ತಾ ಇನ್ನೊಂದಿಷ್ಟು ದುಡ್ಡು ಕೂಡಿಸೋದು ವಾಸಿ.

ಮೋಟರ್ ಇರೋದ್ರಲ್ಲಿ ಬಜೆಟ್ ಅಂದ್ರೆ ಲಾಜಿಟೆಕ್ ಜಿ29, ಜಿ920, ಥ್ರಸ್ಟ್‌ಮಾಸ್ಟರ್ ಟಿ150, ಟಿಎಂಎಕ್ಸ್. ಜಿ29 ಬಂದಿದ್ದು 2015ರಲ್ಲಿ, ಇವತ್ತಿಗೂ ನನ್ನ ಮೊದಲ ಆಯ್ಕೆ ಅದೇ, ಒಳಗಿನ ಮೋಟರ್ ಪೂರ್ತಿ ಗೇರ್ (ಹಲ್ಲಿನ ಚಕ್ರ) ಮೇಲೆ ನಡೆಯೋದ್ರಿಂದ ಕಟಕಟ ಸದ್ದು ಬರತ್ತೆ ನಿಜ, ಆದ್ರೆ ಗಟ್ಟಿ ಮಾಲು, ಮೂರು ಪೆಡಲ್ ಇದೆ. ಟಿ150 ಬೆಲ್ಟ್ ಗೇರ್ ಎರಡೂ ಸೇರಿರೋದು, ಸ್ವಲ್ಪ ನುಣುಪು, ಆದ್ರೆ ಜೊತೆಗೆ ಬರೋ ಪೆಡಲ್ ಎರಡೇ. ಕನ್ಸೋಲ್ ಇರೋರು ಹುಷಾರು, ಜಿ29, ಟಿ150 ಪ್ಲೇಸ್ಟೇಷನ್‌ಗೆ, ಜಿ920, ಟಿಎಂಎಕ್ಸ್ ಎಕ್ಸ್‌ಬಾಕ್ಸ್‌ಗೆ, ಅದಲು ಬದಲು ಆದ್ರೆ ನಡೆಯಲ್ಲ. ಪಿಸಿಗೆ ನಾಲ್ಕೂ ಆಗತ್ತೆ.

ಸೆಕೆಂಡ್ ಹ್ಯಾಂಡ್ ತಗೊಳ್ಳೋದ್ರಲ್ಲಿ ತಪ್ಪೇನಿಲ್ಲ, ಆದ್ರೆ ಲ್ಯಾಪ್‌ಟಾಪ್ ತಗೊಂಡೋಗಿ ಹಾಕಿ ನೋಡಿ. ಪವರ್ ಕೊಟ್ಟು ಕನೆಕ್ಟ್ ಮಾಡಿದ್ ತಕ್ಷಣ ವೀಲ್ ಈ ತುದಿಯಿಂದ ಆ ತುದಿಗೆ ತಾನೇ ತಿರುಗಿ ಮಧ್ಯಕ್ಕೆ ಬಂದು ನಿಲ್ಲಬೇಕು. ಆಮೇಲೆ ವಿಂಡೋಸ್‌ನ ಗೇಮ್ ಕಂಟ್ರೋಲರ್ ಸೆಟ್ಟಿಂಗಲ್ಲಿ ಒಂದೊಂದೇ ಪೆಡಲ್ ನಿಧಾನಕ್ಕೆ ಒತ್ತಿ, ಬಾರ್ ಸಲೀಸಾಗಿ ಏರದೆ ಕುಣಿದಾಡಿದ್ರೆ ಪೊಟೆನ್ಶಿಯೋಮೀಟರಲ್ಲಿ (ಪೆಡಲ್ ಎಷ್ಟು ಒತ್ತಿದೀರ ಅಂತ ಅಳೆಯೋ ಭಾಗ) ಧೂಳು ಕೂತಿದೆ ಇಲ್ಲಾ ಸವೆದಿದೆ ಅಂತ ಅರ್ಥ. ಧೂಳಾದ್ರೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಯಲ್ಲಿ ಹೋಗತ್ತೆ, ಆದ್ರೂ ರೇಟ್ ಇಳಿಸ್ಕೊಳ್ಳಿ. ಒರಿಜಿನಲ್ ಅಡಾಪ್ಟರ್ ಕೊಡದೇ ಇದ್ರೆ ಬೇಡ.

ಇನ್ನೊಂದು, ಟೈಲ್ಸ್ ನೆಲದ ಮೇಲೆ ಪೆಡಲ್ ನಿಲ್ಲಲ್ಲ. ಜಿ29 ಬ್ರೇಕ್ ಒಳಗೆ ರಬ್ಬರ್ ಇದೆ, ಜೋರಾಗೇ ಒತ್ತಬೇಕು, ಒತ್ತಿದ್ರೆ ಪೆಡಲ್ ಮುಂದಕ್ಕೆ, ಚಕ್ರದ ಕುರ್ಚಿ ಹಿಂದಕ್ಕೆ. ಪೆಡಲ್ ಸೆಟ್ ಗೋಡೆಗೆ ತಾಗಿಸಿ ಇಡಿ, ಚಕ್ರ ಇಲ್ಲದ ಕುರ್ಚಿ ಹಾಕ್ಕೊಳ್ಳಿ, ಸ್ಟ್ಯಾಂಡ್ ಆಮೇಲೆ ನೋಡೋಣ.

ತಂದ್ಮೇಲೆ ಫೋರ್ಸ್ ಜಾಸ್ತಿ ಇದ್ರೆ ಚೆನ್ನ ಅಂತ ಗೇನ್ (ಫೋರ್ಸ್ ಎಷ್ಟಿರ್ಬೇಕು ಅನ್ನೋ ಸೆಟ್ಟಿಂಗ್) ಪೂರ್ತಿ ಏರಿಸ್ಬೇಡಿ. ಇಷ್ಟು ಚಿಕ್ಕ ಮೋಟರ್ರಿಗೆ ಒಂದು ಮಿತಿ ಇದೆ, ಅದು ದಾಟಿದ್ರೆ ಸಣ್ಣ ಉಬ್ಬು ದೊಡ್ಡ ತಿರುವು ಎಲ್ಲಾ ಒಂದೇ ಥರ ಅನ್ಸತ್ತೆ, ಇದಕ್ಕೆ ಕ್ಲಿಪ್ಪಿಂಗ್ ಅಂತಾರೆ. ಅಸೆಟ್ಟೊ ಕೊರ್ಸಾ ಗೇಮ್ ಒಳಗೇ ಇರೋ ಪೆಡಲ್ಸ್ ಆ್ಯಪ್ ಓಪನ್ ಮಾಡ್ಕೊಂಡು ಓಡಿಸಿ, ಫೋರ್ಸ್ ಫೀಡ್‌ಬ್ಯಾಕ್ ಬಾರ್ ಉದ್ದ ತಿರುವಲ್ಲೆಲ್ಲ ಕೆಂಪಗೇ ನಿಂತಿದ್ರೆ ಗೇನ್ ಇಳಿಸಿ, ಗುಂಡಿಗೆ ಇಳಿದಾಗಲೋ ಕರ್ಬ್ (ಟ್ರ್ಯಾಕ್ ಅಂಚಿನ ಉಬ್ಬು) ಹತ್ತಿದಾಗಲೋ ಮಾತ್ರ ಒಂದು ಕ್ಷಣ ಕೆಂಪಾದ್ರೆ ಅಷ್ಟಕ್ಕೇ ಬಿಡಿ.