ಅಮೆರಿಕದ ಇನ್ಶೂರೆನ್ಸ್ ನೆಟ್‌ವರ್ಕಿಗೆ ಸೇರುವುದು: ಹೊಸದಾಗಿ ಕೆಲಸಕ್ಕೆ ಸೇರುವ ಡಾಕ್ಟರುಗಳಿಗೆ

ರೆಸಿಡೆನ್ಸಿ (ಆಸ್ಪತ್ರೆಯಲ್ಲಿನ ತರಬೇತಿ) ಮುಗಿದು ರಾಜ್ಯದ ಲೈಸೆನ್ಸ್ ಕೈಗೆ ಬಂದರೆ ರೋಗಿಯನ್ನು ನೋಡಬಹುದು. ನೋಡಿದ್ದಕ್ಕೆ ಇನ್ಶೂರೆನ್ಸ್ ಕಂಪನಿ ಹಣ ಕೊಡುತ್ತದೆಯೇ ಎನ್ನುವುದು ಬೇರೆಯೇ ಪ್ರಶ್ನೆ. ಅದಕ್ಕೆ ಮೂರು ಕೆಲಸ ಆಗಬೇಕು: ನಿಮ್ಮ ಓದು, ಲೈಸೆನ್ಸ್, ನಿಮ್ಮ ಮೇಲಿನ ಕೋರ್ಟ್ ಕೇಸುಗಳ ಚರಿತ್ರೆಯನ್ನು ಪರಿಶೀಲಿಸುವ ಕ್ರೆಡೆನ್ಷಿಯಲಿಂಗ್; ದರ ನಿಗದಿ ಮಾಡುವ ಕಾಂಟ್ರಾಕ್ಟ್; ನಿಮ್ಮ ಹೆಸರನ್ನು ಕ್ಲಿನಿಕ್ಕಿನ ಟ್ಯಾಕ್ಸ್ ಐಡಿಗೆ ಜೋಡಿಸಿ ಕ್ಲೇಮ್ ವ್ಯವಸ್ಥೆಗೆ ಏರಿಸುವ ಎನ್‌ರೋಲ್‌ಮೆಂಟ್. ‘ಕಮಿಟಿ ಒಪ್ಪಿದೆ’ ಎಂಬ ಕಂಪನಿಯ ಪತ್ರ ಮೊದಲನೆಯದು ಮುಗಿದದ್ದನ್ನಷ್ಟೇ ಹೇಳುತ್ತದೆ. ಅದನ್ನು ನಂಬಿ ರೋಗಿಗಳನ್ನು ನೋಡಲು ಶುರು ಮಾಡಿದವರ ಕ್ಲೇಮುಗಳು ಔಟ್ ಆಫ್ ನೆಟ್‌ವರ್ಕ್ (ಕಂಪನಿಯ ಪಟ್ಟಿಯಲ್ಲಿಲ್ಲದ ಡಾಕ್ಟರು) ಎಂದು ವಾಪಸ್ ಬರುತ್ತವೆ. ನೀವು ಕೇಳಿ ಪಡೆಯಬೇಕಾದದ್ದು ಎಫೆಕ್ಟಿವ್ ಡೇಟ್ (ನೀವು ನೆಟ್‌ವರ್ಕಿಗೆ ಸೇರಿದ್ದು ಜಾರಿಗೆ ಬರುವ ದಿನ), ಅದೂ ಬರಹದಲ್ಲಿ. ಖಾಸಗಿ ಕಂಪನಿಗಳು ಸಾಮಾನ್ಯವಾಗಿ ಆ ತಾರೀಖನ್ನು ಹಿಂದಕ್ಕೆ ಹಾಕಿಕೊಡುವುದಿಲ್ಲ. 90ರಿಂದ 120 ದಿನ ಹಿಡಿಯುವ ಕೆಲಸವಿದು. ಸೇರುವ ದಿನಕ್ಕೆ ನಾಲ್ಕೈದು ತಿಂಗಳು ಮೊದಲೇ ಕಾಗದಪತ್ರ ಹೊರಡಬೇಕು.

ನಮ್ಮವರ ಅರ್ಜಿ ಸಿಕ್ಕಿಕೊಳ್ಳುವ ಮೊದಲ ಜಾಗ ಹೆಸರು. ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಆ ಇನಿಷಿಯಲ್ ಬಿಡಿಸಿ ಬರೆದ ಊರು ಮತ್ತು ಅಪ್ಪನ ಹೆಸರು, ಮದುವೆಯ ನಂತರ ಗಂಡನ ಹೆಸರು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಬಿಟ್ಟಿದ್ದರೆ ವೀಸಾದಲ್ಲಿ ಇರುವ ಹೆಸರೇ ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದು ಕೂರುತ್ತದೆ. ಅದೇ ಸೋಶಿಯಲ್ ಸೆಕ್ಯೂರಿಟಿ ಕಾರ್ಡಿಗೂ ಹೋಗಿಬಿಡಬಹುದು. ಎನ್‌ಪಿಐ ಎಂಬ ಗುರುತಿನ ಸಂಖ್ಯೆ ಕೊಡುವ ಸರ್ಕಾರಿ ವ್ಯವಸ್ಥೆ ಎನ್‌ಪಿಪಿಇಎಸ್ ಮತ್ತು ಮೆಡಿಕೇರ್‌ನ (ಮುಖ್ಯವಾಗಿ ವೃದ್ಧರಿಗಿರುವ ಸರ್ಕಾರಿ ಇನ್ಶೂರೆನ್ಸ್) ಎನ್‌ರೋಲ್‌ಮೆಂಟ್ ವ್ಯವಸ್ಥೆ ಪೆಕೋಸ್ ಎರಡೂ ಹೆಸರು, ಹುಟ್ಟಿದ ತಾರೀಖು, ಸೋಶಿಯಲ್ ಸೆಕ್ಯೂರಿಟಿ ನಂಬರನ್ನು ತಾಳೆ ನೋಡುತ್ತವೆ. ಆದ್ದರಿಂದ ಮೊದಲು ಸೋಶಿಯಲ್ ಸೆಕ್ಯೂರಿಟಿ ಕಾರ್ಡ್ ಸರಿ ಮಾಡಿಸಿ. ಆಮೇಲೆ ಲೈಸೆನ್ಸ್, ಡಿಇಎ (ನಿಯಂತ್ರಿತ ಔಷಧ ಬರೆಯಲು ಬೇಕಾದ ನೋಂದಣಿ), ಎನ್‌ಪಿಐ, ಮಾಲ್‌ಪ್ರಾಕ್ಟಿಸ್ ಪಾಲಿಸಿ (ಚಿಕಿತ್ಸೆಯ ತಪ್ಪಿನ ಕೇಸುಗಳಿಗಿರುವ ವಿಮೆ) ಎಲ್ಲವನ್ನೂ ಅದಕ್ಕೆ ಹೊಂದಿಸಿ. ಹಳೆಯ ಹೆಸರುಗಳನ್ನು ‘ಇತರ ಹೆಸರು’ ಎಂಬ ಕಾಲಮ್ಮಿನಲ್ಲಿ ಬರೆಯಿರಿ, ಮುಚ್ಚಿಡಬೇಡಿ.

ಎನ್‌ಪಿಐ ಹತ್ತು ಅಂಕಿಯದು, ಉಚಿತ. ಡಾಕ್ಟರಿಗೆ ಟೈಪ್ 1, ಕ್ಲಿನಿಕ್ಕಿಗೆ ಟೈಪ್ 2. ರೆಸಿಡೆನ್ಸಿಯಲ್ಲೇ ಎನ್‌ಪಿಐ ತೆಗೆದುಕೊಂಡವರ ಟ್ಯಾಕ್ಸಾನಮಿ ಕೋಡ್ (ಯಾವ ಬಗೆಯ ಡಾಕ್ಟರು ಎಂದು ಹೇಳುವ ಕೋಡ್) ಇನ್ನೂ ‘ವಿದ್ಯಾರ್ಥಿ’ ಎಂದೇ ಉಳಿದಿರುತ್ತದೆ. ಅದನ್ನು ನಿಮ್ಮ ಸ್ಪೆಷಾಲಿಟಿಗೆ ಬದಲಾಯಿಸಿ. ಇಲ್ಲಿ ಏನು ಬದಲಾದರೂ 30 ದಿನದೊಳಗೆ ತಿದ್ದಬೇಕೆಂಬುದು ನಿಯಮ.

ಹೆಚ್ಚಿನ ಖಾಸಗಿ ಕಂಪನಿಗಳು ನಿಮ್ಮ ವಿವರವನ್ನು ಸಿಎಕ್ಯೂಎಚ್ ಎಂಬ ಆನ್‌ಲೈನ್ ದಾಖಲೆ ಸಂಗ್ರಹದಿಂದ ತೆಗೆದುಕೊಳ್ಳುತ್ತವೆ. ಪ್ರೊಫೈಲ್ ತುಂಬಿದರೆ ಸಾಲದು, ಯಾವ ಕಂಪನಿ ಅದನ್ನು ನೋಡಬಹುದೆಂದು ಅನುಮತಿಯನ್ನೂ ಕೊಡಬೇಕು. ಸಾಮಾನ್ಯವಾಗಿ ಪ್ರತಿ 120 ದಿನಕ್ಕೊಮ್ಮೆ ವಿವರ ಸರಿಯಿದೆ ಎಂದು ಮತ್ತೆ ಅಟೆಸ್ಟ್ ಮಾಡಬೇಕು. ಅದು ತಪ್ಪಿದ ದಿನ ಅರ್ಜಿ ಅಲ್ಲೇ ನಿಲ್ಲುತ್ತದೆ, ಎಷ್ಟೋ ಸಲ ಯಾರೂ ಹೇಳುವುದೂ ಇಲ್ಲ. ಮಾಲ್‌ಪ್ರಾಕ್ಟಿಸ್ ಪಾಲಿಸಿ ನವೀಕರಿಸಿದಾಗ ಹೊಸ ಸರ್ಟಿಫಿಕೇಟ್ ಏರಿಸದೆ ಬಿಡುವುದು ಇನ್ನೊಂದು ಮಾಮೂಲಿ ಎಡವಟ್ಟು. ಅನೇಕ ಕಂಪನಿಗಳು ಕೇಳುವ ಮಿತಿ ಒಂದು ಕೇಸಿಗೆ 10 ಲಕ್ಷ ಡಾಲರ್, ವರ್ಷಕ್ಕೆ ಒಟ್ಟು 30 ಲಕ್ಷ.

ಕೆಲಸದ ಚರಿತ್ರೆಯಲ್ಲಿ ಕಳೆದ 5 ವರ್ಷವನ್ನು ತಿಂಗಳು, ವರ್ಷ ಸಮೇತ ಕೇಳುತ್ತಾರೆ. ಇನ್ಶೂರೆನ್ಸ್ ಪ್ಲಾನುಗಳ ಗುಣಮಟ್ಟ ನೋಡುವ ಎನ್‌ಸಿಕ್ಯೂಎ ಸಂಸ್ಥೆಯ ಮಾನದಂಡದ ಪ್ರಕಾರ 6 ತಿಂಗಳು ಮೀರಿದ ಬಿಡುವಿಗೆ ವಿವರಣೆ ಬೇಕು, ಒಂದು ವರ್ಷ ಮೀರಿದ್ದರೆ ಅದು ಬರಹದಲ್ಲೇ ಇರಬೇಕು. ಕೆಲವು ಕಂಪನಿಗಳು ಇನ್ನೂ ಚಿಕ್ಕ ಬಿಡುವನ್ನೂ ಕೇಳುತ್ತವೆ. ಮೂರು ವರ್ಷದ ರೆಸಿಡೆನ್ಸಿ ಮಾಡಿದವರಿಗೆ ಯುಎಸ್‌ಎಂಎಲ್‌ಇಗೆ (ಅಮೆರಿಕದ ಲೈಸೆನ್ಸ್ ಪರೀಕ್ಷೆ) ಓದುತ್ತ ಕೂತ ಕಾಲವೂ ಈ ಲೆಕ್ಕದೊಳಗೆ ಬರುತ್ತದೆ. ಪರೀಕ್ಷೆಗೆ ಓದುತ್ತಿದ್ದೆ, ವೀಸಾಕ್ಕೆ ಕಾಯುತ್ತಿದ್ದೆ, ಬಾಣಂತನಕ್ಕೆ ಊರಿನಲ್ಲಿದ್ದೆ ಎಂದು ತಾರೀಖಿನೊಂದಿಗೆ ಒಂದು ಸಾಲು ಬರೆದರೆ ಮುಗಿಯಿತು. ಖಾಲಿ ಬಿಟ್ಟರೆ ಮಾತ್ರ ತೊಂದರೆ. ಎಂಬಿಬಿಎಸ್ ಪರಿಶೀಲನೆಗೆ ಆರ್‌ಜಿಯುಎಚ್‌ಎಸ್‌ಗೆ (ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ) ಮತ್ತೆ ಅಲೆಯಬೇಕೇ ಎಂಬ ಭಯ ಹಲವರಿಗಿದೆ. ಇನ್ಶೂರೆನ್ಸ್ ಕಂಪನಿಗಳು ಸಾಮಾನ್ಯವಾಗಿ ಇಸಿಎಫ್‌ಎಂಜಿ (ವಿದೇಶದಲ್ಲಿ ಓದಿದ ಡಾಕ್ಟರುಗಳಿಗೆ ಪ್ರಮಾಣಪತ್ರ ಕೊಡುವ ಸಂಸ್ಥೆ) ಅಥವಾ ಸ್ಪೆಷಾಲಿಟಿ ಬೋರ್ಡಿನಲ್ಲೇ ವಿಚಾರಿಸಿಕೊಳ್ಳುತ್ತವೆ. ಆ ಅಲೆದಾಟ ರಾಜ್ಯದ ಲೈಸೆನ್ಸ್ ಪಡೆಯುವಾಗಲೇ ಮುಗಿದಿರುತ್ತದೆ.

ಮೆಡಿಕೇರ್‌ನ ಲೆಕ್ಕವೇ ಬೇರೆ. ಪೆಕೋಸ್‌ನಲ್ಲಿ ಸಿಎಂಎಸ್-855ಐ ಅರ್ಜಿ ಹಾಕಬೇಕು. ಹಣವನ್ನು ಕ್ಲಿನಿಕ್ಕಿನ ಹೆಸರಿಗೆ ಬಿಟ್ಟುಕೊಡುವ ರೀಅಸೈನ್‌ಮೆಂಟ್, ಹಿಂದೆ 855ಆರ್ ಆಗಿದ್ದದ್ದು, ಈಗ ಅದರಲ್ಲೇ ಸೇರಿದೆ. ಅದಕ್ಕೆ ನಿಮ್ಮ ಸಹಿಯ ಜೊತೆ ಕ್ಲಿನಿಕ್ಕಿನ ಅಧಿಕಾರಸ್ಥರ ಸಹಿಯೂ ಬೇಕು. ಸಹಿಯ ಇಮೇಲ್ ಸ್ಪ್ಯಾಮ್‌ನಲ್ಲಿ ಬಿದ್ದು ಅರ್ಜಿ ಹಾಗೇ ಕೊಳೆಯುವುದುಂಟು. ಎಫೆಕ್ಟಿವ್ ಡೇಟ್ ಎಂದರೆ, ಮುಂದೆ ಮಂಜೂರಾಗುವ ಅರ್ಜಿ ಸಲ್ಲಿಸಿದ ದಿನ ಅಥವಾ ಅಲ್ಲಿ ಕೆಲಸ ಶುರುವಾದ ದಿನ, ಯಾವುದು ತಡವೋ ಅದು. ನಿಯಮದ ಷರತ್ತುಗಳಿಗೆ ಹೊಂದಿದರೆ ಅದರ ಹಿಂದಿನ 30 ದಿನದವರೆಗೆ ಬಿಲ್ ಮಾಡಬಹುದು. ಬಹಳ ಬೇಗ ಹಾಕಿದರೂ ಕಷ್ಟ: ಶುರುವಾಗುವ ದಿನಕ್ಕೆ 60 ದಿನಕ್ಕಿಂತ ಮೊದಲು ಬಂದ ಅರ್ಜಿಯನ್ನು ಹಿಂತಿರುಗಿಸುತ್ತಾರೆ. ಎಚ್-1ಬಿ ವೀಸಾ ತಡವಾಗಿ ಸೇರುವ ದಿನ ಮುಂದೆ ಹೋದವರು ಇದನ್ನು ಗಮನಿಸಬೇಕು. ಹೆಚ್ಚಿನ ಮಾಹಿತಿ ಕೇಳಿ ಪತ್ರ ಬಂದರೆ 30 ದಿನದೊಳಗೆ ಉತ್ತರಿಸಿ. ಇಲ್ಲವಾದರೆ ಅರ್ಜಿ ತಿರಸ್ಕಾರವಾಗಿ, ಅದರ ಜೊತೆ ಸಲ್ಲಿಸಿದ ತಾರೀಖೂ ಹೋಗುತ್ತದೆ.

ಮೆಡಿಕೈಡ್ (ಕಡಿಮೆ ಆದಾಯದವರಿಗಿರುವ ಸರ್ಕಾರಿ ಇನ್ಶೂರೆನ್ಸ್) ರಾಜ್ಯ ರಾಜ್ಯಕ್ಕೂ ಬೇರೆ. ಮೆಡಿಕೈಡ್ ನಡೆಸಿಕೊಡುವ ಖಾಸಗಿ ಪ್ಲಾನುಗಳಿಗೆ ಸೇರಲೂ ಮೊದಲು ರಾಜ್ಯದಲ್ಲಿ ನೋಂದಾಯಿಸಿರಬೇಕು. ಖಾಸಗಿ ಕಂಪನಿಗಳು ನಡೆಸುವ ಮೆಡಿಕೇರ್ ಅಡ್ವಾಂಟೇಜ್‌ಗೂ ಪ್ರತ್ಯೇಕ ಕಾಂಟ್ರಾಕ್ಟ್ ಬೇಕು. ಮೆಡಿಕೇರ್ ಸಿಕ್ಕ ಮಾತ್ರಕ್ಕೆ ಅದು ಬರುವುದಿಲ್ಲ. ಖಾಸಗಿ ಕಂಪನಿ ‘ಪ್ಯಾನೆಲ್ ಮುಚ್ಚಿದೆ’ (ಹೊಸ ಡಾಕ್ಟರುಗಳನ್ನು ಸೇರಿಸಿಕೊಳ್ಳುತ್ತಿಲ್ಲ) ಎಂದರೆ ಸುಮ್ಮನೆ ಬಿಡಬೇಡಿ. ನಿಮ್ಮ ಸಂಜೆ ಕ್ಲಿನಿಕ್, ನೀವಾಡುವ ಕನ್ನಡ, ತೆಲುಗು, ಹಿಂದಿ, ಆ ಪಿನ್‌ಕೋಡಿನಲ್ಲಿ ನಿಮ್ಮ ಸ್ಪೆಷಾಲಿಟಿಯವರು ಎಷ್ಟು ಕಡಿಮೆ ಎಂಬುದನ್ನೆಲ್ಲ ಬರೆದು ಮೇಲ್ಮನವಿ ಹಾಕಿ.

ಕಾಯುವ ತಿಂಗಳುಗಳಲ್ಲಿ ಕೆಲವು ಕ್ಲಿನಿಕ್ಕುಗಳು ‘ಸದ್ಯಕ್ಕೆ ಸೀನಿಯರ್ ಡಾಕ್ಟರ ಎನ್‌ಪಿಐ ಹಾಕಿ ಬಿಲ್ ಮಾಡೋಣ’ ಎನ್ನುತ್ತವೆ. ಒಪ್ಪಬೇಡಿ. ನೋಡಿದವರು ಒಬ್ಬರು, ಬಿಲ್ಲಿನಲ್ಲಿ ಇನ್ನೊಬ್ಬರು ಎಂದಾದರೆ ಮೆಡಿಕೇರ್ ಮಟ್ಟಿಗೆ ಅದು ಸುಳ್ಳು ಕ್ಲೇಮ್ ಆಗಬಹುದು. ಲೋಕಮ್‌ಗೆ (ತಾತ್ಕಾಲಿಕ ಬದಲಿ ಡಾಕ್ಟರು) ಬಿಲ್ಲಿನಲ್ಲಿ ಬಳಸುವ ಕ್ಯೂ6 ಮಾಡಿಫೈಯರ್ ಎಂಬ ಕೋಡ್ ಇರುವುದು ರಜೆಯಲ್ಲಿರುವ ಅಥವಾ ಬಿಟ್ಟುಹೋದ ಡಾಕ್ಟರ ಬದಲಿಗೆ, ಸಾಮಾನ್ಯವಾಗಿ 60 ದಿನದ ಮಿತಿಯಲ್ಲಿ. ಹೊಸದಾಗಿ ಸೇರಿಸಿಕೊಂಡವರ ಕ್ರೆಡೆನ್ಷಿಯಲಿಂಗ್ ಬಾಕಿ ಇದೆ ಎಂಬ ಕಾರಣಕ್ಕೆ ಅದನ್ನು ಎಳೆದು ತರುವಂತಿಲ್ಲ. ಸಾಧ್ಯವಿದ್ದಲ್ಲಿ ಮೊದಲ ವಾರಗಳಲ್ಲಿ ಈಗಾಗಲೇ ಎಫೆಕ್ಟಿವ್ ಡೇಟ್ ಸಿಕ್ಕ ಪ್ಲಾನುಗಳ ರೋಗಿಗಳಿಗೆ ಮಾತ್ರ ಅಪಾಯಿಂಟ್‌ಮೆಂಟ್ ಕೊಡಿ.

ತಾರೀಖು ಬಂದ ಮೇಲೂ ಒಂದೆರಡು ಕ್ಲೇಮ್ ಕಳಿಸಿ ನೋಡಿ, ಉಳಿದದ್ದನ್ನು ತಡೆದಿಡಿ. ಸಿಎಂಎಸ್-1500 ಎಂಬ ಕ್ಲೇಮ್ ಫಾರಮ್ಮಿನಲ್ಲಿ 24ಜೆ ಪೆಟ್ಟಿಗೆಗೆ ನಿಮ್ಮ ಎನ್‌ಪಿಐ, 25ಕ್ಕೆ ಟ್ಯಾಕ್ಸ್ ಐಡಿ, 33ಎಗೆ ಕ್ಲಿನಿಕ್ಕಿನ ಎನ್‌ಪಿಐ. ಈ ಮೂರು ಕಂಪನಿಯ ದಾಖಲೆಯಲ್ಲಿ ಒಂದಕ್ಕೊಂದು ಜೋಡಣೆಯಾಗಿರದಿದ್ದರೆ ಹಣ ಔಟ್ ಆಫ್ ನೆಟ್‌ವರ್ಕ್ ದರದಲ್ಲಿ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಕ್ಲೇಮುಗಳನ್ನು ಬಹಳ ದಿನ ತಡೆದಿಡಲೂ ಆಗದು. ಮೆಡಿಕೇರ್‌ಗೆ ಒಂದು ವರ್ಷದ ಗಡುವಿದ್ದರೆ ಖಾಸಗಿ ಕಂಪನಿಗಳಲ್ಲಿ ಅದು 90 ದಿನವೇ ಇರಬಹುದು.

ಸಿಎಕ್ಯೂಎಚ್ ಮತ್ತು ಎನ್‌ಪಿಪಿಇಎಸ್ ಪಾಸ್‌ವರ್ಡ್ ನಿಮ್ಮ ಬಳಿಯೇ ಇರಲಿ, ಇಮೇಲ್ ಕೂಡ ಸ್ವಂತದ್ದು. ಕ್ಲಿನಿಕ್ಕಿಗೆ ಅಥವಾ ಬಿಲ್ಲಿಂಗ್ ಕಂಪನಿಗೆ ಪೆಕೋಸ್‌ನಲ್ಲಿ ಸರೋಗೇಟ್ (ನಿಮ್ಮ ಪರವಾಗಿ ಕೆಲಸ ಮಾಡುವ) ಪ್ರವೇಶ ಕೊಟ್ಟರೆ ಸಾಕು. ಕೆಲಸ ಬಿಡುವಾಗ ಹಳೆಯ ರೀಅಸೈನ್‌ಮೆಂಟ್ ರದ್ದು ಮಾಡಿಸಿ. ಹಳೆಯ ಮಾಲ್‌ಪ್ರಾಕ್ಟಿಸ್ ಪಾಲಿಸಿ ಕ್ಲೇಮ್ಸ್-ಮೇಡ್ (ಪಾಲಿಸಿ ಜಾರಿಯಲ್ಲಿದ್ದಾಗ ಹೂಡಿದ ಕೇಸಿಗೆ ಮಾತ್ರ ರಕ್ಷಣೆ) ಆಗಿದ್ದರೆ, ಆಮೇಲೆ ಬರುವ ಕೇಸುಗಳಿಗೆ ಬೇಕಾದ ಟೇಲ್ ಕವರೇಜ್ ಯಾರು ಕಟ್ಟುತ್ತಾರೆಂದು ಒಪ್ಪಂದದಲ್ಲಿ ನೋಡಿ. ಖಾಸಗಿ ಕಂಪನಿಗಳ ಮರುಪರಿಶೀಲನೆ 36 ತಿಂಗಳಿಗೊಮ್ಮೆ, ಮೆಡಿಕೇರ್‌ನದು 5 ವರ್ಷಕ್ಕೊಮ್ಮೆ. ಆ ನೋಟಿಸು ಹೋಗುವುದು ದಾಖಲೆಯಲ್ಲಿರುವ ವಿಳಾಸಕ್ಕೆ. ಅದು ಹಳೆಯ ಕ್ಲಿನಿಕ್ಕಿನದಾಗಿ ಉಳಿದಿದ್ದರೆ, ಹಣ ನಿಂತ ಮೇಲೆಯೇ ನಿಮಗೆ ಗೊತ್ತಾಗುವುದು.