ದ್ರಾಕ್ಷಿ ತೋಟದ ರಾಡಿ ನೀರು ಹಳ್ಳ ಸೇರದಂಗೆ ಮಾಡೋದು ಹೇಗೆ

ಮೊದ್ಲು ಜೋರು ಮಳೆ ಬರ್ತಿರುವಾಗ್ಲೇ ಛತ್ರಿ ಹಿಡ್ಕೊಂಡು ತೋಟ ಸುತ್ತಿ, ನೀರು ಎಲ್ಲಿಂದ ಹರಿಯೋಕೆ ಶುರುವಾಗುತ್ತೆ, ಎಲ್ಲಿ ಒಟ್ಟು ಸೇರುತ್ತೆ, ಯಾವ ಮೂಲೆಯಿಂದ ಹೊರಗೆ ಬೀಳುತ್ತೆ ಅಂತ ಮೊಬೈಲಲ್ಲಿ ವಿಡಿಯೋ ಮಾಡ್ಕೊಳ್ಳಿ. ಎಷ್ಟೋ ಸಲ ಕಾಲುವೆ ಆಗಿರೋದು ನಮ್ದೇ ಟ್ರಾಕ್ಟರ್ ಚಕ್ರದ ಜಾಡು.

ನೀರಲ್ಲಿ ಏನೇನು ಹೋಗುತ್ತೆ ಅಂತ ಗೊತ್ತಿದ್ರೆ ಅರ್ಧ ಕೆಲ್ಸ ಸುಲಭ. ಬೋರ್ಡೋ ದ್ರಾವಣದ (ಮೈಲುತುತ್ತ, ಸುಣ್ಣ ಕಲಸಿ ಬಳ್ಳಿ ರೋಗಕ್ಕೆ ಹೊಡೆಯೋ ಔಷಧಿ) ತಾಮ್ರ, ಗೊಬ್ಬರದ ರಂಜಕ ಎರಡೂ ಹೆಚ್ಚಾಗಿ ಮಣ್ಣಿನ ಕಣಕ್ಕೆ ಅಂಟ್ಕೊಂಡಿರುತ್ತೆ, ಹಾಗಾಗಿ ಮಣ್ಣು ನಿಲ್ಸಿದ್ರೆ ಅವೂ ಬಹುಪಾಲು ನಿಲ್ತವೆ. ಗೊಬ್ಬರದ ಸಾರಜನಕದಿಂದ ಆಗೋ ನೈಟ್ರೇಟ್ ಹಂಗಲ್ಲ, ನೀರಲ್ಲೇ ಕರಗಿ ಕೆಳಗೆ ಅಂತರ್ಜಲಕ್ಕೂ ಇಳಿಯುತ್ತೆ, ಅದಕ್ಕೆ ಯಾವ ಗುಂಡಿ ತೋಡಿದ್ರೂ ಉಪಯೋಗ ಕಮ್ಮಿ, ಗೊಬ್ಬರಾನೇ ಒಂದೇ ಸಲ ಸುರಿಯೋ ಬದ್ಲು ಬಳ್ಳಿ ಬೆಳೀತಿರೋ ಟೈಮಲ್ಲಿ ಡ್ರಿಪ್‌ನಲ್ಲಿ ಸ್ವಲ್ಪ ಸ್ವಲ್ಪ ಕೊಡ್ಬೇಕು.

ಸಾಲುಗಳ ಮಧ್ಯೆ ಮಣ್ಣು ಬೆತ್ತಲೆ ಬಿಡ್ಬೇಡಿ. ಹುಲ್ಲೋ ದ್ವಿದಳ ಧಾನ್ಯಾನೋ ಹಾಕಿ, ಬೆಳೆದ್ಮೇಲೆ ಉಳೋದು ಬೇಡ, ಕತ್ತರಿಸಿ ಅಲ್ಲೇ ಹಾಸಿ. ಬಳ್ಳಿಗೆ ನೀರು ಸಾಲಲ್ಲ ಅನ್ನೋ ಭಯ ಇದ್ರೆ ಒಂದು ಸಾಲು ಬಿಟ್ಟು ಒಂದು ಸಾಲಿಗೆ ಹಾಕಿ. ಹೊಸದಾಗಿ ನೆಡೋರು ಇಳಿಜಾರಿಗೆ ಅಡ್ಡವಾಗಿ ಸಾಲು ಹಾಕ್ಲಿ, ಹಳೇ ತೋಟ ಕಿತ್ತು ಹಾಕೋಕಾಗಲ್ವಲ್ಲ, ಅಲ್ಲಿ ಜಾಡಿಗೆ ಅಡ್ಡಡ್ಡ ಸಣ್ಣ ಬದು ಹಾಕಿ ನೀರನ್ನ ಹುಲ್ಲಿರೋ ಕಡೆ ತಿರುಗಿಸಿ.

ನೀರು ಹೊರಗೆ ಹೋಗೋ ಮೂಲೇಲಿ ಹೂಳು ಗುಂಡಿ ಇರ್ಲಿ. ತೋಡೋದು ಎಲ್ರೂ ತೋಡ್ತಾರೆ, ಖಾಲಿ ಮಾಡೋರು ಯಾರೂ ಇಲ್ಲ! ಮಳೆಗಾಲಕ್ಕೆ ಮುಂಚೆ ಹೂಳೆತ್ತಿ ತೋಟದ ಮೇಲ್ಭಾಗಕ್ಕೇ ಹಾಕಿ, ತಾಮ್ರ ಇರೋದ್ರಿಂದ ತರಕಾರಿ ಮಡಿಗೆ ಬೇಡ. ಹಳ್ಳದ ದಡದಲ್ಲಿ ಹುಲ್ಲಿನ ಪಟ್ಟಿ ಬಿಡಿ, ಇಳಿಜಾರು ಜಾಸ್ತಿ ಇದ್ದಷ್ಟೂ ಪಟ್ಟಿ ಅಗಲ ಇರ್ಬೇಕು, ಆದ್ರೆ ನೀರು ಒಂದೇ ಧಾರೆಯಾಗಿ ನುಗ್ಗಿದ್ರೆ ಹುಲ್ಲು ಏನೂ ಮಾಡಲ್ಲ, ಮುಂದೆ ಒಂದು ಸಾಲು ಕಲ್ಲಿಟ್ಟು ಹರಡಿಸ್ಬೇಕು.

ಮಳೆ ಮುನ್ಸೂಚನೆ ಇದ್ದಾಗ ಬೋರ್ಡೋ ಹೊಡೀಬೇಡಿ, ಒಣಗೋ ಮೊದ್ಲೇ ತೊಳೆದು ಹೋಗುತ್ತೆ. ತಾಮ್ರ ಲೋಹ, ಕೊಳೆಯಲ್ಲ, ವರ್ಷ ವರ್ಷ ಮಣ್ಣಲ್ಲಿ ಜಮಾ ಆಗ್ತಾನೇ ಇರುತ್ತೆ, ನೀರಿಗೆ ಸೇರಿದ್ರೆ ಮೀನಿಗೆ ವಿಷ. ಯುರೋಪಿಯನ್ ಯೂನಿಯನ್‌ನಲ್ಲಿ 7 ವರ್ಷಕ್ಕೆ ಹೆಕ್ಟೇರಿಗೆ ಒಟ್ಟು 28 ಕೆಜಿ ತಾಮ್ರ ಅಂತ ಮಿತಿ ಹಾಕಿದಾರೆ, ಸಾವಯವ ತೋಟಕ್ಕೂ ಸೇರಿ. ಸ್ಪ್ರೇಯರ್ ಟ್ಯಾಂಕನ್ನ ಬಾವಿ, ಹಳ್ಳದ ಹತ್ರ ತೊಳೀಬೇಡಿ, ತೊಳೆದ ನೀರನ್ನ ವಾಪಸ್ ಬಳ್ಳಿಗೇ ಹೊಡೀರಿ.

ಇಷ್ಟು ಮಾಡಿದ್ಮೇಲೆ ಮೊದಲ ಜೋರು ಮಳೇಲಿ ಹೊರಗೆ ಹೋಗೋ ನೀರನ್ನ ಒಂದು ಗಾಜಿನ ಬಾಟ್ಲಿಗೆ ಹಿಡಿದು ರಾತ್ರಿಯಿಡೀ ಬಿಡಿ, ತಳದಲ್ಲಿ ಕೂತ ಮಣ್ಣಿನ ಎತ್ತರಕ್ಕೆ ಪೆನ್ನಲ್ಲಿ ಗೆರೆ ಹಾಕಿ ತಾರೀಖು ಬರೆದಿಡಿ. ಮುಂದಿನ ವರ್ಷ ಅದೇ ಬಾಟ್ಲಿ, ಅದೇ ಮೂಲೆ.